ಚೌಕಳಿ ಹಾಳೆಯ ಪ್ರೋಗ್ರಾಮುಗಳು

೧೬ ಮಾರ್ಚ್ ೨೦೨೦, ಸೋಮವಾರ

ಇವತ್ತಿನಿಂದ ಎರಡು ವಾರ ಮಕ್ಕಳಿಗೆ ರಜೆ. ಕಾಯಿಲೆ ಹರಡದಿರಲಿ ಎಂದು ಸರ್ಕಾರದ ಆದೇಶ. ಲ್ಯಾಬಿನ ಇಪ್ಪತ್ತೆರಡು ಕಂಪ್ಯೂಟರುಗಳಿಗೂ ಗವಸು ಹಾಕಿ, ಮೇನ್ ಸ್ವಿಚ್ ಆರಿಸಿ, ಬೀಗದ ಕೈಯನ್ನು ಆಫೀಸಿಗೆ ಒಪ್ಪಿಸಿದೆ. ಪ್ರಿನ್ಸಿಪಾಲ್ ದವೆ ಸರ್, "ಜಲಜಾಬೆನ್, ನೀವು ಮನುಷ್ಯರಿಗಿಂತ ಯಂತ್ರಗಳನ್ನ ಚೆನ್ನಾಗಿ ನೋಡ್ಕೋತೀರಿ" ಎಂದು ನಕ್ಕರು. ಹೊಗಳಿಕೆ ಎಂದೇ ತೆಗೆದುಕೊಂಡೆ.

ಲ್ಯಾಬಿನ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಅರ್ಧಕ್ಕರ್ಧ ಖಾಲಿ ಹಾಳೆಗಳಿದ್ದವು. ಮನೆಗೆ ತಂದೆ. ಇದರಲ್ಲೇ ಬರೆಯುತ್ತಿದ್ದೇನೆ. ಸೂರತ್‌ನ ಉಧ್ನಾದಲ್ಲಿ ಈ ಮೂರನೇ ಮಹಡಿಯ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಬಚ್ಚಿಡುವ ತೊಂದರೆ ಇಲ್ಲ.

೨೯ ಮಾರ್ಚ್, ಭಾನುವಾರ

ದೇಶವೇ ಬಾಗಿಲು ಹಾಕಿಕೊಂಡು ಐದು ದಿನ. ಭರತೇಶಣ್ಣ ವಡೋದರಾದಿಂದ ಫೋನ್ ಮಾಡಿದ್ದ. ಒಂಬತ್ತು ವರ್ಷದ ಹಿಂದೆ ಅವನಿಗೆ ಸೂರತ್‌ನ ಬ್ಯಾಂಕಿಗೆ ವರ್ಗವಾದಾಗ ಅವನ ಸಂಸಾರದ ಜೊತೆ ನಾನೂ ಚನ್ನರಾಯಪಟ್ಟಣದಿಂದ ಬಂದೆ. ಆಮೇಲೆ ಅವನನ್ನು ವಡೋದರಾಕ್ಕೆ ಹಾಕಿದರು. ನಾನು ಶಾಲೆಯ ಕೆಲಸ ಬಿಡಲಾಗದೆ ಇಲ್ಲೇ ಉಳಿದೆ.

"ಮೊದಲೇ ಬಂದುಬಿಡು ಅಂದಿದ್ದೆ. ಈಗ ನೋಡು, ಒಬ್ಬಳೇ ಆಗ್ಬಿಟ್ಟೆ" ಅಂದ.

"ನಂಗೇನೂ ತೊಂದ್ರೆ ಇಲ್ಲ ಅಣ್ಣ. ಯಾರೂ ಬರಲ್ಲ, ಹೋಗಲ್ಲ. ಆರಾಮಾಗಿದ್ದೀನಿ."

ನಿಜವೇ. ಈ ಮನೆಗೆ ನೆಂಟರೆಂದು ಬಂದವರು ಕಡಿಮೆ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆತನದ ಅಭ್ಯಾಸ ಇನ್ನೂ ಇದೆ. ಅದರಿಂದ ಒಂದೇ ಕಷ್ಟ, ಊಟವಾದ ಮೇಲೆ ಸಂಜೆ ತುಂಬ ಉದ್ದ.

೭ ಏಪ್ರಿಲ್

ಸುತ್ತಲಿನ ಬಟ್ಟೆ ಕಾರ್ಖಾನೆಗಳ ಮಗ್ಗಗಳು ನಿಂತಿವೆ. ಒಂಬತ್ತು ವರ್ಷ ಹಗಲೆಲ್ಲ ಕಿವಿಯಲ್ಲಿ ಬಡಿಯುತ್ತಿದ್ದ ಖಟಪಟ ಇಲ್ಲ. ಮೌನಕ್ಕೆ ತಲೆನೋವು ಬರುತ್ತದೆಂದು ಗೊತ್ತಿರಲಿಲ್ಲ.

೬ ಮೇ, ಬುಧವಾರ

ಕೂಲಿಯವರಿಗೆ ರೈಲು ಬಿಟ್ಟಿದ್ದಾರೆ. ಬೆಳಿಗ್ಗೆ ಕಿಟಕಿಯಲ್ಲಿ ನಿಂತರೆ ತಲೆಯ ಮೇಲೆ ಗಂಟು, ಕೈಯಲ್ಲಿ ಮಕ್ಕಳು, ಸಾಲುಸಾಲು. ಅವರಲ್ಲಿ ನಮ್ಮ ಶಾಲೆಯ ಸಮವಸ್ತ್ರದ ಪ್ಯಾಂಟು ಹಾಕಿದ್ದ ಇಬ್ಬರನ್ನು ಕಂಡೆ. ಹೆಸರು ನೆನಪಾಗಲಿಲ್ಲ.

೧೫ ಜೂನ್, ಸೋಮವಾರ

ಆನ್‌ಲೈನ್ ತರಗತಿ ಶುರು. ಹನ್ನೆರಡನೇ ತರಗತಿಯಲ್ಲಿ ಕಂಪ್ಯೂಟರ್ ವಿಷಯ ತೆಗೆದುಕೊಂಡವರು ನಲವತ್ತೊಂದು ಮಂದಿ. ಇವತ್ತು ಬಂದವರು ಇಪ್ಪತ್ತೇಳು. ಎಲ್ಲವೂ ಕಪ್ಪು ಚೌಕಗಳು, ಒಳಗೆ ಹೆಸರು.

ಮನೆಯಲ್ಲಿ ಕಂಪ್ಯೂಟರ್ ಇರುವವರು ಎಷ್ಟು ಮಂದಿ ಎಂದು ಕೇಳಿದೆ. ಒಂಬತ್ತು. ಉಳಿದವರು ಫೋನಿನಲ್ಲಿ, ಅದೂ ಅಪ್ಪನದೋ ಅಣ್ಣನದೋ. ಈಜು ಕಲಿಸಬೇಕು, ನೀರಿಲ್ಲ ಎಂಬಂತಾಯಿತು. ಆದರೂ ನಿಯಮ ಬಿಡಬಾರದು. ವಾರಕ್ಕೆ ಎರಡು ಪ್ರೋಗ್ರಾಮ್, ಶನಿವಾರ ಐದು ಗಂಟೆಯೊಳಗೆ ಕಳಿಸಬೇಕು, ತಡವಾದರೆ ಸೊನ್ನೆ ಎಂದು ಹೇಳಿದೆ.

೯ ಜುಲೈ, ಗುರುವಾರ

ಇವತ್ತು ನಡೆದದ್ದನ್ನು ಬರೆಯಲು ನಾಚಿಕೆ. ಬರೆಯದಿದ್ದರೆ ಇನ್ನಾರಿಗೆ ಹೇಳಲಿ?

ಫಂಕ್ಷನ್ ಎಂದರೇನು ಎಂಬ ಪಾಠ. ಮೂರು ದಿನದಿಂದ ತಯಾರಿ ಮಾಡಿದ್ದೆ. ರೊಟ್ಟಿ ಮಾಡುವ ಉದಾಹರಣೆ ಕೊಟ್ಟೆ, ನಡುವೆ ಒಂದು ತಮಾಷೆಯನ್ನೂ ಸೇರಿಸಿದೆ. ನಲವತ್ತು ನಿಮಿಷ ಮಾತಾಡಿ, "ಅರ್ಥವಾಯಿತೇ?" ಎಂದೆ. ಉತ್ತರವಿಲ್ಲ, ದಿನವೂ ಇರುವುದಿಲ್ಲ. ಮುಗಿಸಲು ಹೋದಾಗ ನೋಡಿದೆ, ನನ್ನ ಮೈಕಿನ ಚಿತ್ರದ ಮೇಲೆ ಕೆಂಪು ಗೀಟು. ಮೊದಲಿನಿಂದಲೂ ಮೈಕು ಬಂದ್ ಆಗಿತ್ತು.

ಇಪ್ಪತ್ತಾರು ಮಕ್ಕಳಿದ್ದರು. ಕೇಳಿಸುತ್ತಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ನಾನು ಒಬ್ಬಳೇ ಕೋಣೆಯಲ್ಲಿ ಕೂತು ಕೈ ಆಡಿಸುತ್ತಾ, ನಗುತ್ತಾ ಇದ್ದೆ. ಇಷ್ಟೇ.

೧೦ ಜುಲೈ

ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಹಿಂದಿಯಲ್ಲಿ ಒಂದು ಸಂದೇಶ: "ಮ್ಯಾಮ್, ನಿನ್ನೆ ಸದ್ದು ಬರಲಿಲ್ಲ. ಕ್ಲಾಸಿನಲ್ಲಿ ಹೇಳಿದ್ರೆ ನಿಮಗೆ ಅವಮಾನ ಆಗುತ್ತೇನೋ ಅಂತ ಹೇಳಲಿಲ್ಲ. ಪರದೆ ಮೇಲಿದ್ದದ್ದು ನೋಡಿ ಬರ್ಕೊಂಡೆ. ಸರಿ ಇದೆಯಾ?" ಕೆಳಗೆ ಹೆಸರು: ಪ್ರೇರಣಾ ಪಾಟೀಲ್, ಕ್ರಮಸಂಖ್ಯೆ ೨೩.

ಜೊತೆಗೆ ಒಂದು ಫೋಟೋ. ಚಿಕ್ಕ ಮಕ್ಕಳು ಲೆಕ್ಕ ಬರೆಯುವ ಚೌಕಳಿ ಹಾಳೆಯ ಮೇಲೆ ಪೈಥಾನ್ ಪ್ರೋಗ್ರಾಮ್. ಒಂದು ಚೌಕಕ್ಕೆ ಒಂದು ಅಕ್ಷರ. ಒಳಗೆ ಸರಿಸಿ ಬರೆಯಬೇಕಾದ ಕಡೆ ಸರಿಯಾಗಿ ನಾಲ್ಕು ಚೌಕ ಖಾಲಿ. ಪೈಥಾನ್‌ನಲ್ಲಿ ಖಾಲಿ ಜಾಗಕ್ಕೂ ಅರ್ಥವಿದೆ ಎಂದು ಪಾಠ ಮಾಡಿದ್ದು ಒಬ್ಬಳಿಗಾದರೂ ತಲುಪಿದೆ.

ಹೋದ ವರ್ಷವಿಡೀ ಈ ಹುಡುಗಿ ನನ್ನ ಲ್ಯಾಬಿನಲ್ಲಿದ್ದಳು. ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂರಿಸುತ್ತಿದ್ದೆ. ಇವಳು ಎಲ್ಲಿ ಕೂರುತ್ತಿದ್ದಳು, ಮುಖ ಹೇಗಿತ್ತು, ನೆನಪಾಗುತ್ತಿಲ್ಲ.

ಅವಳು ಬರೆದದ್ದನ್ನು ಇದ್ದದ್ದು ಇದ್ದ ಹಾಗೆ ನನ್ನ ಲ್ಯಾಪ್‌ಟಾಪಿಗೆ ಹೊಡೆದು ಓಡಿಸಿದೆ. "ಏಳನೇ ಸಾಲಿನಲ್ಲಿ ತಪ್ಪು" ಎಂದಷ್ಟೇ ಉತ್ತರ ಕಳಿಸಿದೆ. ಯಂತ್ರ ಅಷ್ಟೇ ಹೇಳುವುದು. ನಾನು ಹೆಚ್ಚು ಹೇಳಿದರೆ ಅವಳಿಗೆ ಸಹಾಯ ಮಾಡಿದಂತೆ, ಉಳಿದವರಿಗೆ ಅನ್ಯಾಯ.

ಅರ್ಧ ಗಂಟೆಯಲ್ಲಿ ತಿದ್ದಿದ ಹಾಳೆ ಬಂತು. ಸಾಲಿನ ಕೊನೆಯ ಎರಡು ಚುಕ್ಕೆ, ಕೋಲನ್, ಬಿಟ್ಟುಹೋಗಿತ್ತು.

೨೧ ಆಗಸ್ಟ್, ಶುಕ್ರವಾರ

ಪ್ರೇರಣಾ ಪಾಟೀಲ್ ಈಗ ಸೂರತ್‌ನಲ್ಲಿಲ್ಲ. ಅಪ್ಪ ಮಗ್ಗದ ಕಾರ್ಮಿಕ. ಮೇ ತಿಂಗಳಲ್ಲೇ ಮಹಾರಾಷ್ಟ್ರದ ನಂದೂರ್‌ಬಾರ್ ಕಡೆಯ ಹಳ್ಳಿಗೆ ಹೋಗಿದ್ದಾರಂತೆ. ಫೋನು ಅಪ್ಪನದು. ನೆಟ್‌ವರ್ಕ್ ಸಿಗುವುದು ಹಾಲಿನ ಡೇರಿಯ ಹತ್ತಿರ ಮಾತ್ರ. ಅಪ್ಪ ಫೋನು ಕೊಟ್ಟ ದಿನ ತರಗತಿಗೂ ಅಲ್ಲೇ ಹೋಗಿ ಕೂರುತ್ತಾಳಂತೆ. ಅಪ್ಪ ಹಾಲು ಹಾಕಲು ಹೋಗುವಾಗ ಜೊತೆಗೆ ಹೋಗಿ ಫೋಟೋ ಕಳಿಸುತ್ತಾಳೆ. ಹಾಗಾಗಿ ಇವಳ ಪ್ರೋಗ್ರಾಮುಗಳು ಬೆಳಿಗ್ಗೆ ಆರೂವರೆಗೆ ಬರುತ್ತವೆ. ಕಾಫಿ ಕುಡಿಯುತ್ತಲೇ ಓಡಿಸುತ್ತೇನೆ. ಅವರು ಡೇರಿ ಬಿಡುವುದರೊಳಗೆ ಉತ್ತರ ಹೋಗಬೇಕು.

ಇವತ್ತಿನದು ನಿಲ್ಲಲೇ ಇಲ್ಲ. ಲೂಪಿನೊಳಗೆ ಸಂಖ್ಯೆಯನ್ನು ಹೆಚ್ಚಿಸುವುದು ಮರೆತಿದ್ದಳು. ಪರದೆಯ ತುಂಬ ಒಂದು, ಒಂದು, ಒಂದು. "ನಿಲ್ಲುತ್ತಿಲ್ಲ" ಎಂದು ಕಳಿಸಿದೆ. "ಎಷ್ಟು ಹೊತ್ತಿಂದ ಮ್ಯಾಮ್?" ಎಂದು ಕೇಳಿದಳು. "ಕಾಫಿ ಆರಿಹೋಯಿತು" ಎಂದು ಬರೆದೆ. ಇದು ಅನಗತ್ಯವಾಗಿತ್ತು. ಅಳಿಸುವಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು.

೨ ಅಕ್ಟೋಬರ್

ಏನೂ ಬರೆಯುವಂಥದ್ದಿಲ್ಲ. ನಾಲ್ಕು ದಿನದಿಂದ ಡೇರಿಯ ಕಡೆಯಿಂದಲೂ ಏನೂ ಬಂದಿಲ್ಲ. ಆದರೂ ಆರಕ್ಕೇ ಎಚ್ಚರವಾಗುತ್ತದೆ.

೧೫ ನವೆಂಬರ್, ಭಾನುವಾರ

ದೀಪಾವಳಿಗೆ ಬಾ ಎಂದು ಅಣ್ಣ ಕರೆದ. ಈ ಕಾಲದಲ್ಲಿ ರೈಲು ಹತ್ತುವುದು ಬೇಡ ಎಂದೆ. ಅವನ ಮಗಳು ಆಶ್ರಿತಾ ವಿಡಿಯೋದಲ್ಲಿ ಬಂದಳು. ಹದಿಮೂರು ತುಂಬಿದೆ. "ಅತ್ತೆ, ಹೇಗೆ ಇದ್ದೀರಿ? ನಾನು ಇದ್ದೇನೆ ಚೆನ್ನಾಗಿ" ಎಂದಳು. ಅತ್ತಿಗೆ ವಿಂಧ್ಯಾ ಪಕ್ಕದಲ್ಲಿ ಕೂತು ಮಾತು ಹೇಳಿಕೊಡುತ್ತಿದ್ದಳು. ಅಲ್ಲಿಗೆ ಆಶ್ರಿತಾಳ ಕನ್ನಡ ಮುಗಿಯಿತು, ನನ್ನ ಗುಜರಾತಿಯೂ ಮುಗಿಯಿತು. ಇಬ್ಬರೂ ಕೈ ಬೀಸಿದೆವು.

ಕೆಳಗಿನ ಮನೆಯ ಕೋಕಿಲಾಬೆನ್ ಬಾಗಿಲ ಮುಂದೆ ಸಿಹಿ ಇಟ್ಟು, ಬೆಲ್ ಒತ್ತಿ, ನಾನು ತೆಗೆಯುವಷ್ಟರಲ್ಲಿ ಇಳಿದುಹೋಗಿದ್ದರು.

ಪ್ರೇರಣಾ ಮನೆಯವರು ಸೂರತ್‌ಗೆ ವಾಪಸು ಬಂದಿದ್ದಾರೆ. ಇದುವರೆಗೆ ಅವಳು ಕಳಿಸಿದ್ದು ಅರವತ್ತೆಂಟು ಪ್ರೋಗ್ರಾಮ್. ವಾರಕ್ಕೆ ಎರಡು ಎಂದದ್ದು ನಾನು. ಉಳಿದವು ಅವಳೇ ಹುಡುಕಿಕೊಂಡವು.

೧೧ ಜನವರಿ ೨೦೨೧, ಸೋಮವಾರ

ಹತ್ತು ತಿಂಗಳ ಮೇಲೆ ಹನ್ನೆರಡನೆಯವರಿಗೆ ಶಾಲೆ ತೆರೆಯಿತು. ಓಡುವ ಹಾಗೆ ಲ್ಯಾಬಿಗೆ ಹೋದೆ.

ತರಗತಿಯಲ್ಲಿ ಮಕ್ಕಳನ್ನು ದೂರದೂರ ಕೂರಿಸಬೇಕೆಂದು ಲ್ಯಾಬಿನ ಮೇಜುಗಳನ್ನೆಲ್ಲ ಹೊತ್ತೊಯ್ದಿದ್ದಾರೆ. ಕಂಪ್ಯೂಟರುಗಳು ನೆಲದ ಮೇಲೆ, ಒಂದರ ಮೇಲೊಂದು. ಇಲಿ ಕೇಬಲ್ಲುಗಳನ್ನು ತಿಂದಿದೆ. ಯುಪಿಎಸ್ ಬ್ಯಾಟರಿಗಳು ಸತ್ತಿವೆ. ಗವಸುಗಳ ಮೇಲೆ ಇಲಿಯ ಹಿಕ್ಕೆ.

ಮಕ್ಕಳು ಮಾಸ್ಕು ಹಾಕಿಕೊಂಡು ಬಂದಿದ್ದರು. "ಪ್ರೇರಣಾ ಯಾರು?" ಎಂದೆ. ಕೊನೆಯ ಬೆಂಚಿನಲ್ಲಿ ಒಬ್ಬಳು ಎದ್ದಳು. ಅಕ್ಷರ ನೋಡಿ ಎತ್ತರದ ಹುಡುಗಿ ಎಂದುಕೊಂಡಿದ್ದೆ. ನನ್ನ ಭುಜಕ್ಕೂ ಬರುವುದಿಲ್ಲ. "ಹೋದ ವರ್ಷ ಎಷ್ಟನೇ ಕಂಪ್ಯೂಟರಲ್ಲಿ ಕೂರುತ್ತಿದ್ದೆ?" ಎಂದು ಕೇಳಿದೆ.

"ಹನ್ನೊಂದನೇದು ಮ್ಯಾಮ್. ಕೂರುತ್ತಿದ್ದದ್ದು ಮಂಥನ್. ಅವನಿಗೆ ಬರುತ್ತಿತ್ತು, ಅವನೇ ಮಾಡುತ್ತಿದ್ದ. ನಾನು ಹಿಂದೆ ನಿಂತು ನೋಡುತ್ತಿದ್ದೆ."

ಮಂಥನ್ ಮುಂದಿನ ಬೆಂಚಿನಲ್ಲೇ ಇದ್ದ. ಅವನ ಮುಖ ನನಗೆ ಚೆನ್ನಾಗಿ ನೆನಪಿತ್ತು.

೨೯ ಜನವರಿ

ಮೂರು ವಾರದ ಕೆಲಸ. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಿ ಎಂಟು ಕಂಪ್ಯೂಟರ್ ಎಬ್ಬಿಸಿದೆ. ಉಗುರಿನಲ್ಲಿ ಇನ್ನೂ ಧೂಳಿದೆ. ದವೆ ಸರ್ ಬಂದು ನೋಡಿ ಚಪ್ಪಾಳೆ ತಟ್ಟಿದರು. ಆದರೆ ಮಕ್ಕಳನ್ನು ಕೂರಿಸಲು ಒಪ್ಪಲಿಲ್ಲ. ಒಂದೇ ಕೀಬೋರ್ಡನ್ನು ಐದು ಜನ ಮುಟ್ಟಿದರೆ ನಾಳೆ ಪೋಷಕರಿಗೆ ಯಾರು ಉತ್ತರ ಹೇಳುವುದು?

"ಪರೀಕ್ಷೆಯ ದಿನ ಮಾತ್ರ ತೆಗೆಯೋಣ ಬೆನ್. ಒರೆಸಿ ಒರೆಸಿ ಕೊಡೋಣ."

ಇನ್ನೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ನಿಯಮ ಅಂದರೆ ನಿಯಮ.

೯ ಮಾರ್ಚ್, ಮಂಗಳವಾರ

ಪ್ರಾಯೋಗಿಕ ಪರೀಕ್ಷೆ ಮುಗಿಯಿತು. ಒಂದು ಸರತಿಗೆ ಎಂಟು ಮಕ್ಕಳು, ಒಂದು ಗಂಟೆ. ಪ್ರೋಗ್ರಾಮನ್ನು ಮೊದಲು ಕಾಗದದಲ್ಲಿ ಬರೆಯುವುದಕ್ಕೆ ಹತ್ತು ಅಂಕ, ಕಂಪ್ಯೂಟರಿನಲ್ಲಿ ಓಡಿಸಿ ಉತ್ತರ ತೋರಿಸುವುದಕ್ಕೆ ಹದಿನೈದು, ಮೌಖಿಕಕ್ಕೆ ಐದು.

ಪ್ರೇರಣಾ ಮೂರನೇ ಸರತಿ. ಕಾಗದದ ಕೆಲಸ ಹತ್ತು ನಿಮಿಷದಲ್ಲಿ ಮುಗಿಸಿದಳು, ಒಂದು ತಪ್ಪಿಲ್ಲ. ಆಮೇಲೆ ಕೀಬೋರ್ಡಿನ ಮುಂದೆ ಕೂತಳು. ಅಕ್ಷರಗಳು ಫೋನಿನಲ್ಲಿ ನೋಡಿ ಗೊತ್ತು. ಆದರೆ ಎರಡು ಚುಕ್ಕೆ ಹೊಡೆಯಲು ಶಿಫ್ಟ್ ಒತ್ತಿ ಹಿಡಿಯಬೇಕೆಂದು ಗೊತ್ತಿಲ್ಲ. ಶಿಫ್ಟ್ ಒತ್ತಿ, ಬಿಟ್ಟು, ಆಮೇಲೆ ಇನ್ನೊಂದನ್ನು ಒತ್ತುತ್ತಿದ್ದಳು. ಪಕ್ಕದವರ ಕೈ ನೋಡಿ ಕಲಿತುಕೊಂಡಳು. ಒಂದು ಬೆರಳಿನಲ್ಲಿ ಒಂದೊಂದೇ ಅಕ್ಷರ. ಅವಳ ಹಿಂದೆ ಹಾದುಹೋಗುವಾಗ ಪರದೆಯ ಮೇಲ್ತುದಿ ನೋಡಿದೆ: ಹೆಸರಿಲ್ಲದ ಕಡತ. ಸೇವ್ ಮಾಡಿರಲಿಲ್ಲ. ಪರೀಕ್ಷೆಯಲ್ಲಿ ಹೇಳಿಕೊಡುವಂತಿಲ್ಲ. ಮುಂದಕ್ಕೆ ನಡೆದೆ.

ನಲವತ್ತನೇ ನಿಮಿಷಕ್ಕೆ ಕರೆಂಟು ಹೋಯಿತು. ಎರಡೇ ನಿಮಿಷ. ಬಂದ ಮೇಲೆ ಎಲ್ಲರೂ ತಮ್ಮ ಕಡತ ತೆಗೆದು ಮುಂದುವರಿಸಿದರು. ಪ್ರೇರಣಾಳ ಪರದೆಯ ಮೇಲೆ ಏನೂ ಇರಲಿಲ್ಲ. ಅವಳು ಕೀಬೋರ್ಡನ್ನು ಸ್ವಲ್ಪ ಎತ್ತಿ ಅದರ ಕೆಳಗೆ ನೋಡಿದಳು. ನನಗೆ ಆಮೇಲೆ ಅರ್ಥವಾಯಿತು, ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದಳು.

ಮತ್ತೆ ಮೊದಲಿನಿಂದ ಹೊಡೆಯಲು ಶುರುಮಾಡಿದಳು. ಅರ್ಧಕ್ಕೆ ಗಂಟೆ ಹೊಡೆಯಿತು.

ಅಂಕಗಳನ್ನು ಸಂಜೆಯೇ ಬೋರ್ಡಿನ ಪೋರ್ಟಲ್ಲಿಗೆ ಹಾಕಿಬಿಟ್ಟೆ. ದವೆ ಸರ್, "ಈ ವರ್ಷ ಎಲ್ಲರಿಗೂ ಇಪ್ಪತ್ತೈದರ ಮೇಲೆ ಕೊಟ್ಟುಬಿಡಿ ಬೆನ್, ಏನು ಹೋಗುತ್ತೆ?" ಎಂದರು. ಮಾಡದ ಕೆಲಸಕ್ಕೆ ಅಂಕ ಕೊಡುವುದಿಲ್ಲ ಎಂದೆ. ಪ್ರೇರಣಾಗೆ ಕಾಗದಕ್ಕೆ ಹತ್ತು, ಮೌಖಿಕಕ್ಕೆ ಐದು, ಓಡಿಸಿದ್ದಕ್ಕೆ ಸೊನ್ನೆ. ಮೂವತ್ತಕ್ಕೆ ಹದಿನೈದು. ಮಂಥನ್‌ಗೆ ಇಪ್ಪತ್ತೆಂಟು. ಅಕ್ಷಯ್ ಎಂಬವನು ವರ್ಷವಿಡೀ ತರಗತಿಗೇ ಬಂದವನಲ್ಲ, ಮನೆಪಾಠದವರು ಕೊಟ್ಟಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅವನಿಗೂ ಇಪ್ಪತ್ತಾರು.

ಲೆಕ್ಕ ಸರಿಯಾಗಿದೆ. ಲಿಖಿತ ಪರೀಕ್ಷೆಯಲ್ಲಿ ಅವಳು ಅಂಕ ಎತ್ತಿಕೊಳ್ಳುತ್ತಾಳೆ. ಎಪ್ಪತ್ತಕ್ಕೆ ಅರವತ್ತೆಂಟು ತೆಗೆಯುವ ಹುಡುಗಿ.

೧೭ ಏಪ್ರಿಲ್, ಶನಿವಾರ

ಎಲ್ಲ ಮತ್ತೆ ಮುಚ್ಚಿದೆ. ಹೋದ ವರ್ಷದ ಹಾಗಲ್ಲ. ಆಂಬುಲೆನ್ಸ್ ಸದ್ದು ನಿಲ್ಲುತ್ತಲೇ ಇಲ್ಲ. ನನಗೆ ಬೆಳಿಗ್ಗೆಯಿಂದ ಮೈಕೈ ನೋವು.

೧೮ ಏಪ್ರಿಲ್

ಜ್ವರ.

೨೦

ಕಾಫಿಗೆ ವಾಸನೆ ಇಲ್ಲ. ಅಣ್ಣನಿಗೆ ಹೇಳಿಲ್ಲ. ಹೇಳಿದರೆ ಕಾರು ಹತ್ತಿಕೊಂಡು ಬರುತ್ತಾನೆ. ಬಾಗಿಲ ಹೊರಗೆ ಖಿಚಡಿಯ ಡಬ್ಬಿ ಇತ್ತು. ಕೋಕಿಲಾಬೆನ್. ನಾನು ಕೆಮ್ಮಿದ್ದು ಕೆಳಗೆ ಕೇಳಿಸಿರಬೇಕು.

೨೪ ಏಪ್ರಿಲ್, ಶನಿವಾರ

ಜ್ವರ ಇಳಿದಿದೆ. ನಾಲ್ಕು ದಿನದ ಮೇಲೆ ಫೋನ್ ಚಾರ್ಜಿಗೆ ಹಾಕಿದೆ. ಶಾಲೆಯ ಗುಂಪಿನಲ್ಲಿ ನೂರಾರು ಸಂದೇಶ, ನನಗೆಂದು ಬಂದದ್ದು ಕಡಿಮೆ. ಅಣ್ಣನ ಹನ್ನೊಂದು ಕರೆ. ಆಮೇಲೆ ಪ್ರೇರಣಾ.

ಹತ್ತೊಂಬತ್ತರಂದು ಒಂದು ಚೌಕಳಿ ಹಾಳೆ. ಪರೀಕ್ಷೆ ಮುಗಿದರೂ ಬರೆಯುವುದು ಬಿಟ್ಟಿಲ್ಲ.

ಇಪ್ಪತ್ತರಂದು: "ಮ್ಯಾಮ್, ಉತ್ತರ ಏನು ಬಂತು?"

ಇಪ್ಪತ್ತೆರಡರಂದು: "ಮ್ಯಾಮ್, ಉತ್ತರ ಬೇಡ. ನೀವು ಹುಷಾರಾಗಿದ್ದೀರಾ?"

ಇಪ್ಪತ್ತಮೂರರಂದು: "ಮ್ಯಾಮ್, ನಿಮ್ಮ ಮನೆ ಎಲ್ಲಿ ಅಂತ ಶಾಲೇಲಿ ಕೇಳಿದೆ. ಹೇಳಲಿಲ್ಲ. ಒಂದು ಅಕ್ಷರ ಕಳಿಸಿ ಸಾಕು."

ಅವಳಿಗೆ ತನ್ನ ಪ್ರಾಯೋಗಿಕ ಅಂಕ ಗೊತ್ತಿಲ್ಲ, ಮಕ್ಕಳಿಗೆ ಹೇಳುವ ಪದ್ಧತಿ ಇಲ್ಲ. "ಹುಷಾರಾಗಿದ್ದೇನೆ" ಎಂದು ಬರೆದೆ. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹೋಗಿ, ಲ್ಯಾಪ್‌ಟಾಪ್ ತೆಗೆದು ಅವಳ ಪ್ರೋಗ್ರಾಮ್ ಓಡಿಸಿದೆ. ಸರಿಯಾಗಿತ್ತು.

೨ ಜೂನ್, ಬುಧವಾರ

ಹನ್ನೆರಡನೇ ತರಗತಿಯ ಲಿಖಿತ ಪರೀಕ್ಷೆ ರದ್ದು. ಹಿಂದಿನ ಅಂಕಗಳು, ಶಾಲೆಯ ಪರೀಕ್ಷೆ ಮತ್ತು ಪ್ರಾಯೋಗಿಕ, ಇವುಗಳ ಮೇಲೆಯೇ ಫಲಿತಾಂಶವಂತೆ. ಕೋಕಿಲಾಬೆನ್ ಮೊಮ್ಮಗನೂ ಹನ್ನೆರಡನೆಯವನು, ಕೆಳಗೆ ಕುಣಿಯುತ್ತಿದ್ದ.

ಹದಿನೈದು. ಬೆಳಿಗ್ಗೆಯಿಂದ ಇದೊಂದೇ ಸಂಖ್ಯೆ ತಲೆಯಲ್ಲಿದೆ.

೫ ಜೂನ್

ದವೆ ಸರ್ ಮನೆಗೇ ಹೋದೆ. ಅವರು ಸೋಂಕು ಬಂದು ಇಳಿದುಹೋಗಿದ್ದಾರೆ, ಅಂಗಿ ಜೋತಾಡುತ್ತದೆ. ಪ್ರೇರಣಾ ಕಳಿಸಿದ ಎಲ್ಲ ಹಾಳೆಗಳ ಪ್ರತಿ ತೆಗೆದು ಬೈಂಡ್ ಮಾಡಿಸಿಕೊಂಡು ಹೋಗಿದ್ದೆ. ನೂರಾ ನಲವತ್ತಮೂರು.

"ಇದನ್ನ ಪ್ರಾಯೋಗಿಕ ಅಂತ ತಗೊಳ್ಳಿ ಸರ್. ಈ ವರ್ಷ ಪ್ರಾಯೋಗಿಕ ಅಂದರೆ ಇದೇ. ಒಂದೊಂದನ್ನೂ ನಾನೇ ಓಡಿಸಿದ್ದೀನಿ, ನಾನೇ ಸಾಕ್ಷಿ."

ಅವರು ಹಾಳೆ ತಿರುವಿದರು. ತಿರುವುತ್ತಲೇ ಇದ್ದರು. "ಮಾರ್ಚ್‌ನಲ್ಲಿ ನಾನು ಹೇಳಿದಾಗ ಕೇಳಿದ್ದರೆ ಆಗುತ್ತಿತ್ತು ಬೆನ್" ಎಂದರು. ಕೊಂಕಿನಿಂದ ಅಲ್ಲ, ಬೇಸರದಿಂದ. "ಪೋರ್ಟಲ್ ಮುಚ್ಚಿದೆ. ಬೋರ್ಡಿಗೆ ಪತ್ರ ಬರೆಯೋಣ. ಆದರೆ ಆಸೆ ಇಟ್ಕೋಬೇಡಿ."

ಪತ್ರ ಬರೆದೆವು. ಅವರು ಸಹಿ ಮಾಡಿದರು.

೩೧ ಜುಲೈ, ಶನಿವಾರ

ಪತ್ರಕ್ಕೆ ಉತ್ತರ ಬರಲಿಲ್ಲ. ಫಲಿತಾಂಶ ಬಂತು. ಮಂಥನ್ ಸಿಹಿ ಹಂಚಿದ ಫೋಟೋ ಗುಂಪಿನಲ್ಲಿದೆ. ಪ್ರೇರಣಾಳಿಂದ ಸಂದೇಶವಿಲ್ಲ. ನಾನೂ ಕಳಿಸಲಿಲ್ಲ.

೭ ಆಗಸ್ಟ್

ಅವಳು ಸೇರಬೇಕೆಂದಿದ್ದ ಬಿಸಿಎ ಕಾಲೇಜಿನ ಪಟ್ಟಿ ಹಾಕಿದ್ದಾರೆ. ಅವಳಿಗಿಂತ ಇಬ್ಬರ ಮುಂಚೆಯೇ ಪಟ್ಟಿ ನಿಂತಿದೆ. ಸೀಟು ಸಿಗದವರಲ್ಲಿ ಅವಳು ಮೂರನೆಯವಳು. ಅಕ್ಷಯ್ ಹೆಸರು ಮೇಲಿದೆ.

ಒಂದು ವಾರದಿಂದ ಬೆಳಿಗ್ಗೆ ಹಾಳೆ ಬರುತ್ತಿಲ್ಲ.

೮ ಆಗಸ್ಟ್, ಭಾನುವಾರ

ಶಾಲೆಯ ದಾಖಲೆಯಿಂದ ಪ್ರೇರಣಾಳ ವಿಳಾಸ ತೆಗೆದುಕೊಂಡು ಹೋದೆ. ಹತ್ತು ನಿಮಿಷದ ನಡಿಗೆ. ಇಷ್ಟು ಹತ್ತಿರ ಎಂದು ಗೊತ್ತಿರಲಿಲ್ಲ. ಎರಡು ಮಗ್ಗದ ಶೆಡ್ಡುಗಳ ನಡುವಿನ ಓಣಿ, ಕಬ್ಬಿಣದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಅವಳೂ ಅವಳ ತಾಯಿಯೂ ನೆಲದಲ್ಲಿ ಸೀರೆ ಹರಡಿಕೊಂಡು ಹೊಳೆಯುವ ಹರಳು ಅಂಟಿಸುತ್ತಿದ್ದರು. ತಾಯಿ ಗಡಿಬಿಡಿಯಿಂದ ಎದ್ದು, ಸೀರೆ ಮಡಚಿ ನನಗೆ ಜಾಗ ಮಾಡಿಕೊಟ್ಟು, ಚಹಾಕ್ಕೆ ಹಾಲು ತರಲು ಇಳಿದರು.

ಪ್ರೇರಣಾ ಕೆಲಸ ನಿಲ್ಲಿಸಲಿಲ್ಲ. ಮಾಸ್ಕಿಲ್ಲದ ಅವಳ ಮುಖವನ್ನು ಗಮನವಿಟ್ಟು ನೋಡಿದ್ದು ಅದೇ ಮೊದಲು.

"ನಿನ್ನ ಪ್ರಾಯೋಗಿಕ ಅಂಕ ಹದಿನೈದು. ಹಾಕಿದ್ದು ನಾನು" ಎಂದೆ.

"ಗೊತ್ತಾಯ್ತು ಮ್ಯಾಮ್. ಮಾರ್ಕ್ಸ್‌ಕಾರ್ಡ್ ನೋಡಿದೆ."

"ಎಲ್ಲರಿಗೂ ಜಾಸ್ತಿ ಹಾಕಿ ಅಂತ ಸರ್ ಹೇಳಿದ್ದರು. ನಾನು ಒಪ್ಪಲಿಲ್ಲ."

"ಸುಮ್ಮಸುಮ್ಮನೆ ಕೊಡೋ ಅಂಕ ನಂಗೂ ಬೇಡ." ಒಂದು ಹರಳು ಅಂಟಿಸಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನನ್ನನ್ನು ಬಿಟ್ಟುಬಿಡುತ್ತಿದ್ದಳು. ಆದರೆ ಬಾಯಿ ತಡೆಯಲಿಲ್ಲ. "ಅವತ್ತು ನೀನು ಸೇವ್ ಮಾಡಿಲ್ಲ ಅನ್ನೋದನ್ನ ನಾನು ನೋಡಿದ್ದೆ. ಕರೆಂಟ್ ಹೋಗೋ ಮುಂಚೆಯೇ."

ಆಗ ಕೈ ನಿಂತಿತು. ಬೆರಳ ತುದಿಯಲ್ಲಿ ಹರಳು ಹಾಗೇ ಇತ್ತು.

"ನೋಡಿದ್ರಾ?"

"ಹೂಂ."

"ಸೇವ್ ಅಂತ ಒಂದು ಇದೆ ಅನ್ನೋದೇ ನಂಗೆ ಗೊತ್ತಿರಲಿಲ್ಲ ಮ್ಯಾಮ್. ಕಾಗದದಲ್ಲಿ ಬರೆದದ್ದು ಎಲ್ಲಿ ಹೋಗುತ್ತೆ? ಒಂದು ವರ್ಷ ನಿಮಗೆ ಫೋಟೋ ಕಳಿಸಿದೆ. ನೀವು ಒಂದು ದಿನ ಹೇಳಬಹುದಿತ್ತು. ಅವತ್ತಾದರೂ ಒಂದು ಮಾತು..." ಧ್ವನಿ ಏರಿತು. ಅವಳ ಧ್ವನಿ ಹಾಗೆ ಏರುವುದೆಂದು ನನಗೆ ಗೊತ್ತಿರಲಿಲ್ಲ. "ನಿಮಗೆ ಜ್ವರ ಬಂದಾಗ ನಾನು ಶಾಲೆ ಗೇಟಿಗೆ ಮೂರು ಸಲ ಹೋದೆ."

ಪರೀಕ್ಷೆಯಲ್ಲಿ ಹೇಳಿಕೊಡಬಾರದು ಎಂದು ಹೇಳಲು ನಾಲಗೆ ಬರಲಿಲ್ಲ.

ತಾಯಿ ಹಾಲು ತಂದರು. ಚಹಾ ಮಾಡಿದರು. ಟೀಚರ್ ಮನೆಗೆ ಬಂದರೆಂದು ಅವರಿಗೆ ಎಷ್ಟು ಸಂತೋಷ! ಮರಾಠಿಯಲ್ಲಿ ಏನೇನೋ ಹೇಳಿದರು, ಅರ್ಧ ಅರ್ಥವಾಯಿತು. ಮಗಳು ತಲೆ ಎತ್ತಲಿಲ್ಲ. ಚಹಾ ಕುಡಿದು, ನನ್ನ ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ಸೀರೆಯ ಪಕ್ಕ ಇಟ್ಟೆ. "ಲ್ಯಾಪ್‌ಟಾಪ್ ಇದೆ. ಯಾವಾಗ ಬೇಕಾದರೂ ಬಾ. ಕೂತುಕೊಂಡು ಕಲಿ. ನಾನು ಹಿಂದೆ ನಿಂತಿರ್ತೀನಿ" ಎಂದೆ.

ಅವಳು ಮುಂದಿನ ಹರಳು ಎತ್ತಿಕೊಂಡಳು.

೧೪ ಆಗಸ್ಟ್

ಬರಲಿಲ್ಲ. ಅವಳ ಅಂಕಕ್ಕೆ ಇನ್ನೂ ಖಾಲಿ ಸೀಟಿರುವ ಯಾವ ಕಾಲೇಜು ಸಿಗಬಹುದು ಎಂದು ನಾಲ್ಕು ಕಡೆ ವಿಚಾರಿಸಿದೆ. ಊರಾಚೆ ಸಚಿನ್ ಎಂಬ ಬಡಾವಣೆಯ ಹತ್ತಿರ, ಕಾರ್ಖಾನೆಗಳ ಆಚೆ ಒಂದಿದೆ. ದೂರ. ಕೊನೆಯ ಸುತ್ತಿನಲ್ಲಿ ಸಿಗಬಹುದು ಎಂದರು. ಅರ್ಜಿಯ ಕೊನೆಯ ದಿನಾಂಕವನ್ನು ಅವಳಿಗೆ ಕಳಿಸಿದೆ. ನೋಡಿದ ಗುರುತು ಬಂತು. ಅಷ್ಟೇ.

ಇವತ್ತು ಕೋಕಿಲಾಬೆನ್ ಜೊತೆ ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸಿದೆ. ಅವರ ಗಂಡ ಹೋಗಿ ಎರಡು ವರ್ಷವಾಗಿದೆಯಂತೆ. ಇದೇ ಮನೆಯ ಕೆಳಗೆ ಸಾವಾಗಿದೆ, ನನಗೆ ಗೊತ್ತೇ ಆಗಿರಲಿಲ್ಲ.

೨೩ ಆಗಸ್ಟ್, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಬೆಲ್. ಪ್ರೇರಣಾ. ಚಪ್ಪಲಿ ಬಿಟ್ಟು ಒಳಗೆ ಬಂದು, "ಅರ್ಜಿ ತುಂಬಬೇಕು. ಫೋನಿನಲ್ಲಿ ಆಗ್ತಿಲ್ಲ" ಎಂದಳು. ನಮಸ್ತೆಯೂ ಇಲ್ಲ.

ಲ್ಯಾಪ್‌ಟಾಪ್ ಮುಂದೆ ಕೂರಿಸಿದೆ. ನಾನು ಕೀಬೋರ್ಡ್ ಮುಟ್ಟಲಿಲ್ಲ. ಅರ್ಜಿ ತುಂಬಲು ಒಂದೂವರೆ ಗಂಟೆ. ಪ್ರತಿ ಪುಟಕ್ಕೂ ತಾನೇ ಸೇವ್ ಒತ್ತಿದಳು, ಒತ್ತಿದಾಗೆಲ್ಲ ನನ್ನ ಕಡೆ ತಿರುಗಿ ನೋಡಿದಳು. ಆ ನೋಟ ನನಗೆ ಬರಬೇಕಾದ್ದೇ.

ಹೋಗುವಾಗ ಬಾಗಿಲಲ್ಲಿ ನಿಂತು, "ಮುಂದಿನ ಸೋಮವಾರ ಬರಲಾ?" ಎಂದಳು.

೨೦ ಸೆಪ್ಟೆಂಬರ್, ಸೋಮವಾರ

ಸಚಿನ್‌ನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅವಳು ಬಯಸಿದ ಕಾಲೇಜಲ್ಲ. ಎರಡು ಆಟೋ ಬದಲಿಸಿ ಹೋಗಬೇಕು. ತರಗತಿ ಹನ್ನೊಂದಕ್ಕೆ. ಅದಕ್ಕೆ ಮೊದಲು ಸೋಮವಾರ ಎಂಟಕ್ಕೆ ಇಲ್ಲಿಗೆ ಬರುತ್ತಾಳೆ. ಹೆಚ್ಚು ಮಾತಾಡುವುದಿಲ್ಲ. ಈಗ ಎರಡೂ ಕೈ ಬಳಸುತ್ತಾಳೆ.

ಶಾಲೆಯಲ್ಲಿ ಹನ್ನೊಂದನೆಯವರಿಗೆ ಲ್ಯಾಬು ತೆರೆಸಿದೆ. ಎಂಟೇ ಯಂತ್ರ. ದವೆ ಸರ್ ಬೇಡ ಎಂದರು, ಮೂರನೇ ಸಲ ಕೇಳಿದ ಮೇಲೆ ಕೀಲಿಕೈ ಕೊಟ್ಟರು. ಮೊದಲ ದಿನ ಮನೆಯಲ್ಲಿ ಕಂಪ್ಯೂಟರ್ ಇರುವವರನ್ನೆಲ್ಲ ಎಬ್ಬಿಸಿ ಹಿಂದೆ ನಿಲ್ಲಿಸಿದೆ. ಒಬ್ಬನ ತಂದೆ ದೂರು ಕೊಟ್ಟಿದ್ದಾರೆ. ಕೊಡಲಿ.

೧೭ ಅಕ್ಟೋಬರ್, ಭಾನುವಾರ, ವಡೋದರಾ

ದಸರೆಗೆ ನಾನೇ ಬರುತ್ತೇನೆ ಎಂದಾಗ ಅಣ್ಣ ಎರಡು ಸಲ ಕೇಳಿದ. ಒಂದೂವರೆ ವರ್ಷದ ಮೇಲೆ ನೋಡಿದ್ದು. ಸ್ಟೇಷನ್ನಿನಲ್ಲಿ, "ಎಷ್ಟು ಸಣ್ಣ ಆಗಿದ್ದೀಯೇ?" ಎಂದವನು ಚೀಲ ಕಸಿದುಕೊಂಡು ಮುಂದೆ ನಡೆದುಬಿಟ್ಟ, ಮುಖ ತೋರಿಸಲಿಲ್ಲ. ಅವನ ತಲೆ ಪೂರಾ ಬೆಳ್ಳಗಾಗಿದೆ.

ಇವತ್ತು ಮಧ್ಯಾಹ್ನ ಊಟವಾದ ಮೇಲೆ ಅಣ್ಣ, ಅತ್ತಿಗೆ ಮಲಗಿದ್ದರು. ಆಶ್ರಿತಾ ನನ್ನ ಪಕ್ಕ ಬಂದು ಕೂತು, "ಅತ್ತೆ, ನಿಮ್ಮ ಸ್ಕೂಲ್‌ದು ಏನಾದರೂ ಹೇಳಿ" ಎಂದಳು. ಹೇಳಲು ಶುರುಮಾಡಿದೆ. ಅವಳಿಗೆ ತಿಳಿಯುವ ಹಾಗೆ ಒಂದು ಮಾತು ಕನ್ನಡ, ಒಂದು ಹಿಂದಿ. ಮೈಕು ಬಂದ್ ಆಗಿದ್ದದ್ದು, ಹಾಲಿನ ಡೇರಿ, ಕರೆಂಟು ಹೋದದ್ದು, ನಾನು ನೋಡಿಯೂ ಸುಮ್ಮನೆ ನಡೆದದ್ದು, ಎಲ್ಲ. ಯಾರಿಗೂ ಹೇಳದ್ದನ್ನು ಹದಿನಾಲ್ಕು ತುಂಬದ ಮಗುವಿನ ಮುಂದೆ ಹೇಳಿಬಿಟ್ಟೆ. ಅವಳು ನಡುವೆ ಒಮ್ಮೆಯೂ ಫೋನ್ ಮುಟ್ಟಲಿಲ್ಲ.

ಮುಗಿದ ಮೇಲೆ ಕೇಳಿದಳು: "ಅವಳು ನಿಮ್ಮನ್ನ ಮಾಫ್ ಮಾಡಿದಳಾ ಅತ್ತೆ?"

"ಗೊತ್ತಿಲ್ಲ ಕಣೆ. ಕೇಳಿಲ್ಲ."

"ಮತ್ತೆ?"

"ನಾಳೆ ಎಂಟು ಗಂಟೆಗೆ ಬರ್ತಾಳೆ."

ಇನ್ನೆರಡು ದಿನ ಇರು ಎಂದು ಅತ್ತಿಗೆ ಹೇಳುತ್ತಿದ್ದಾಳೆ. ಮುಂದಿನ ತಿಂಗಳು ಮತ್ತೆ ಬರುತ್ತೇನೆ ಎಂದೆ. ಐದೂವರೆಯ ರೈಲಿಗೆ ಹೊರಡಬೇಕು. ಆಶ್ರಿತಾ ಸ್ಟೇಷನ್ನಿಗೆ ತಾನೂ ಬರುತ್ತೇನೆಂದು ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ.